ಮೋವಾಯ್ ನೋಡಲು ಹೊರಟವರಿಗೆ, ಕೊಡಗಿನ ನಾಪೋಕ್ಲಿನಿಂದ

ನಮ್ಮ ಐನ್‌ಮನೆಯ, ಅಂದರೆ ಕುಲದ ಮೂಲಮನೆಯ, ಕೈಮಡ ಎಂಬ ಹಿರಿಯರ ಗುಡಿಗೆ ಚಪ್ಪಲಿ ಮೆಟ್ಟಿಕೊಂಡು ಯಾರೂ ಹೋಗುವುದಿಲ್ಲ. ಅಲ್ಲಿರುವುದು ನಮ್ಮ ಮೂಲಪುರುಷ ಗುರುಕಾರೋಣ, ಅಲ್ವಾ? ಈಸ್ಟರ್ ದ್ವೀಪಕ್ಕೆ ಹೋಗುವವರು ಮೊದಲು ಇದನ್ನು ನೆನಪಿಟ್ಟುಕೊಳ್ಳಿ. ಮೋವಾಯ್ ಸುಮ್ನೆ ಕಲ್ಲಿನ ಗೊಂಬೆಗಳಲ್ಲ, ಆ ದ್ವೀಪದ ಮೂಲನಿವಾಸಿಗಳಾದ ರಾಪಾ ನುಯಿ ಜನರ ಹಿರಿಯರು. ಅವು ನಿಂತಿರುವ ಕಲ್ಲಿನ ಜಗಲಿಗೆ 'ಆಹು' ಅಂತಾರೆ. ಎಷ್ಟೋ ಆಹುಗಳಲ್ಲಿ ಸತ್ತವರನ್ನೂ ಹೂತಿದ್ದಾರೆ. ಅದರ ಮೇಲೆ ಕಾಲಿಡಬೇಡಿ, ವಿಗ್ರಹ ಮುಟ್ಟಬೇಡಿ.

ಕಾಫಿ ಕೊಯ್ಲು ಮುಗಿದು ಹೂಮಳೆಯೂ ಬಿದ್ದ ಮೇಲೆ, ಏಪ್ರಿಲ್‌ನಲ್ಲಿ ಹೊರಡಿ. ಫೆಬ್ರವರಿಯಲ್ಲಿ ಅಲ್ಲಿ ತಾಪಾತಿ ಹಬ್ಬ, ಜನ ಜಾಸ್ತಿ. ಹೇಗೂ ಆಗ ನಮಗೆ ತೋಟ ಬಿಟ್ಟು ಬರಲಾಗದು.

ದ್ವೀಪ ಚಿಲಿ ದೇಶದ್ದು, ಆದರೆ ಅದರ ದಡದಿಂದ 3,500 ಕಿ.ಮೀ.ಗೂ ದೂರ. ಮೊದಲು ಚಿಲಿ ವೀಸಾ ಮಾಡಿಸಿ. ಸಾಂಟಿಯಾಗೋದಿಂದ ವಿಮಾನದಲ್ಲಿ ಐದೂವರೆ ಗಂಟೆ. ಹತ್ತುವ ಮೊದಲೇ ಆನ್‌ಲೈನ್ ಫಾರ್ಮ್ ತುಂಬಿರಬೇಕು. ವಾಪಸ್ ಟಿಕೆಟ್, ನೋಂದಾಯಿತ ಹೋಟೆಲಿನ ಬುಕಿಂಗ್ ಎರಡನ್ನೂ ಕೇಳುತ್ತಾರೆ, ಪ್ರಿಂಟ್ ಇಟ್ಟುಕೊಳ್ಳಿ. ಪ್ರವಾಸಿಗರು 30 ದಿನಕ್ಕಿಂತ ಹೆಚ್ಚು ಇರುವ ಹಾಗಿಲ್ಲ.

ಮೋವಾಯ್ ಇರುವ ಜಾಗಗಳು ರಾಷ್ಟ್ರೀಯ ಉದ್ಯಾನದೊಳಗಿವೆ, ಅದರ ಟಿಕೆಟ್ 10 ದಿನ ನಡೆಯುತ್ತದೆ. ಮುಖ್ಯ ಜಾಗಗಳಿಗೆ ಸ್ಥಳೀಯ ಗೈಡ್ ಜೊತೆಗಿರಲೇಬೇಕು. ಟಿಕೆಟ್ 10 ದಿನದ್ದಾದರೂ ರಾನೊ ರರಾಕು ಬೆಟ್ಟ, ಜ್ವಾಲಾಮುಖಿಯ ಅಂಚಿನ ಹಳೇ ಹಳ್ಳಿ ಓರೊಂಗೊ, ಈ ಎರಡಕ್ಕೆ ಒಂದೊಂದೇ ಸಲ ಪ್ರವೇಶ. ನಾನು ಅವಸರ ಮಾಡಿ ಮೊದಲ ದಿನವೇ ಓರೊಂಗೊಗೆ ಹೋದೆ. ಗಾಳಿಬೀಡಿನ ಹಾಗೆ ಮಂಜು ಕವಿದಿತ್ತು. ಹಕ್ಕಿಯ ಮೊದಲ ಮೊಟ್ಟೆ ತರಲು ಹಿಂದೆ ಹುಡುಗರು ಈಜಿ ಹೋಗುತ್ತಿದ್ದ ಮೋಟು ನುಯಿ ಎಂಬ ಪುಟ್ಟ ದ್ವೀಪ ಕಣ್ಣಿಗೇ ಬೀಳಲಿಲ್ಲ. ಆ ಕೊರಗು ಈಗಲೂ ಇದೆ. ಆಕಾಶ ನೋಡಿಕೊಂಡು ದಿನ ಆರಿಸಿ.

ರಾನೊ ರರಾಕುಗೆ ಅರ್ಧ ದಿನವನ್ನೇ ಇಡಿ. ಮೋವಾಯ್ ಕಡೆದ ಬೆಟ್ಟ ಅದು. ಸುಮಾರು 400 ವಿಗ್ರಹ ಅಲ್ಲೇ ಉಳಿದಿವೆ. ಬರೀ ತಲೆ ಅಂತ ಫೋಟೋದಲ್ಲಿ ಕಾಣುವವಕ್ಕೆಲ್ಲ ಮಣ್ಣಿನಡಿ ಇಡೀ ಮೈ ಇದೆ. ಮೇಲಿನಿಂದ ಜರಿದ ಮಣ್ಣು ಭುಜದವರೆಗೆ ಮುಚ್ಚಿದೆ. ಒಂದರ ಮೂಗಿನ ಪಕ್ಕ ಬಿಳಿ ಕಲ್ಲುಹೂವು ಹಬ್ಬಿತ್ತು, ನಮ್ಮ ತೋಟದ ಸಿಲ್ವರ್ ಓಕ್ ಕಾಂಡದ ಮೇಲೆ ಇರುತ್ತದಲ್ಲ, ಹಾಗೇ. ಸ್ವಲ್ಪ ಮೇಲೆ ಇನ್ನೊಂದು ಅಂಗಾತ ಮಲಗಿದೆ. ಮುಖ, ಕೈ, ಬೆರಳು ಎಲ್ಲ ಮುಗಿದಿದೆ, ಬೆನ್ನು ಮಾತ್ರ ಬಂಡೆಯಿಂದ ಬಿಟ್ಟಿಲ್ಲ. ಕಬ್ಬಿಣ ಇಲ್ಲದ ಜನ, ಗಟ್ಟಿ ಕಲ್ಲಿನಿಂದಲೇ ಈ ಮೆತ್ತನೆ ಕಲ್ಲನ್ನು ಕಡೆದರು. ಅಲ್ಲಿರುವ ಎಲ್ಲಕ್ಕಿಂತ ದೊಡ್ಡದು ಸುಮಾರು 21 ಮೀಟರ್, ಅದೂ ಹಾಗೇ ಮಲಗಿದೆ.

ಅಲ್ಲಿಂದ ತೊಂಗಾರಿಕಿ ಎಂಬ ಆಹು ಹತ್ತಿರ. ಸಾಲಾಗಿ 15 ಮೋವಾಯ್, ಸಮುದ್ರಕ್ಕೆ ಬೆನ್ನು ಹಾಕಿ ಊರಿನ ಕಡೆ ನೋಡುತ್ತವೆ. 1960ರ ಸುನಾಮಿ ಅವನ್ನು ಒಳನಾಡಿಗೆ ಎಸೆದಿತ್ತು, 1990ರ ದಶಕದಲ್ಲಿ ಜಪಾನಿನ ಕ್ರೇನ್ ತಂದು ಮತ್ತೆ ನಿಲ್ಲಿಸಿದರು. ಎಲ್ಲರೂ ಸೂರ್ಯೋದಯಕ್ಕೆ ಓಡುತ್ತಾರೆ. ಮುಖ ನೋಡಬೇಕಾದರೆ ಮಧ್ಯಾಹ್ನದ ಮೇಲೆ ಹೋಗಿ, ಬಿಸಿಲು ಮುಂದಿನಿಂದ ಬೀಳುತ್ತದೆ.

ಗೈಡ್ ಜೊತೆ ಮಾತಾಡಿ. ನಾನು ಮೊಬೈಲಿನಲ್ಲಿ ನಮ್ಮ ಕೈಮಡದ ಫೋಟೋ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. ಆಮೇಲೆ 1868ರಲ್ಲಿ ಇಂಗ್ಲಿಷರ ಹಡಗು ಓರೊಂಗೊದಿಂದ ಹೊತ್ತೊಯ್ದ ಹೋವಾ ಹಾಕಾನಾನಾಯಿಯಾ ಎಂಬ ಮೋವಾಯ್ ವಿಚಾರ ಹೇಳಿದರು. ಅದು ಇನ್ನೂ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. "ನಿಮ್ಮ ಅಜ್ಜನನ್ನು ಯಾರಾದರೂ ಹೀಗೆ ಕರೆದೊಯ್ದಿದ್ದಾರಾ?" ಅಂತ ಕೇಳಿದರು.