ಫ್ರೋಜನ್ ಭ್ರೂಣ ವರ್ಗಾವಣೆ: ಪ್ರೊಜೆಸ್ಟರಾನ್ ಲೆಕ್ಕ ತಪ್ಪದಿರಲಿ

ಐವಿಎಫ್‌ನಲ್ಲಿ ಶೀತಲೀಕರಿಸಿಟ್ಟ ಭ್ರೂಣವನ್ನು ಗರ್ಭಕೋಶಕ್ಕೆ ಬಿಡುವಾಗ ಎಡವಟ್ಟಾಗುವುದು ಹೆಚ್ಚಾಗಿ ಮನೆಯಲ್ಲೇ, ಗರ್ಭಕೋಶದ ಒಳಪದರವನ್ನು ಭ್ರೂಣಕ್ಕೆ ಸಜ್ಜುಗೊಳಿಸುವ ಪ್ರೊಜೆಸ್ಟರಾನ್ ಹಾರ್ಮೋನ್ ಶುರು ಮಾಡುವ ದಿನ.

ಮೊದಲ ಹಂತ ಸುಲಭ. ಮುಟ್ಟಿನ 2–3ನೇ ದಿನದಿಂದ ಒಳಪದರ ಬೆಳೆಸುವ ಈಸ್ಟ್ರಾಡಿಯೋಲ್ ಹಾರ್ಮೋನ್ ಮಾತ್ರೆ, ಸಾಮಾನ್ಯವಾಗಿ ದಿನಕ್ಕೆ 6 ಮಿ.ಗ್ರಾಂ. 10–14 ದಿನಕ್ಕೆ ಸ್ಕ್ಯಾನ್: ಒಳಪದರ 7 ಮಿ.ಮೀ. ಆದರೂ ಇರಬೇಕು, ಮೂರು ಗೆರೆ ಕಾಣಬೇಕು. ಅಂದೇ ರಕ್ತದ ಪ್ರೊಜೆಸ್ಟರಾನ್ ನೋಡಿಸಿ. ಮಿ.ಲೀ.ಗೆ 1.5 ನ್ಯಾನೊಗ್ರಾಂ ಮೀರಿದ್ದರೆ ಅಂಡಾಣು ತಾನಾಗಿಯೇ ಬಿಡುಗಡೆಯಾಗಿರುವ ಸಾಧ್ಯತೆ ಇದೆ. ಆ ತಿಂಗಳು ಕೈಬಿಡುವುದೇ ಸರಿ. ದುಡ್ಡು ಉಳಿಯಲೆಂದು ಈ ಪರೀಕ್ಷೆ ಬಿಡಬೇಡಿ.

ಇನ್ನು ಎಣಿಕೆ. ಪೂರ್ತಿ ಬೆಳೆದು ಒಳಪದರಕ್ಕೆ ಅಂಟಲು ಸಿದ್ಧವಾದ ಭ್ರೂಣ, ಅಂದರೆ ಬ್ಲಾಸ್ಟೊಸಿಸ್ಟ್‌ಗೆ ಐದು ದಿನದ ವಯಸ್ಸು; ಒಳಪದರಕ್ಕೂ ಐದು ದಿನ ಪೂರ್ತಿ ಪ್ರೊಜೆಸ್ಟರಾನ್ ಸಿಕ್ಕಿರಬೇಕು. ಸೋಮವಾರ ಬೆಳಿಗ್ಗೆ ಮೊದಲ ಡೋಸ್ ಆದರೆ ಟ್ರಾನ್ಸ್‌ಫರ್ ಶನಿವಾರ ಬೆಳಿಗ್ಗೆ. 3ನೇ ದಿನದ ಭ್ರೂಣವಾದರೆ ಗುರುವಾರ. 6ನೇ ದಿನ ಫ್ರೀಜ್ ಮಾಡಿದ ಬ್ಲಾಸ್ಟೊಸಿಸ್ಟ್ ಕೂಡ ಶನಿವಾರವೇ. ಅದಕ್ಕೆಂದು ಒಂದು ದಿನ ಮುಂದೂಡಬೇಡಿ. ಶುರುವಿನ ದಿನವನ್ನು ಕೆಲವರು ಸೊನ್ನೆ ಅನ್ನುತ್ತಾರೆ, ಕೆಲವರು ಒಂದು. ಗೊಂದಲವೆಲ್ಲ ಇಲ್ಲೇ. ಆದ್ದರಿಂದ ದಿನದ ಸಂಖ್ಯೆ ಕೇಳಬೇಡಿ, ಮೊದಲ ಡೋಸ್, ಟ್ರಾನ್ಸ್‌ಫರ್ ಎರಡರದ್ದೂ ತಾರೀಖು ಮತ್ತು ಗಂಟೆಯನ್ನು ಬರೆಸಿಕೊಳ್ಳಿ. ಮೊದಲ ಡೋಸ್ ಮರೆತು ಮಂಗಳವಾರ ಶುರು ಮಾಡಿದ್ದರೆ ಕೂಡಲೇ ಫೋನ್ ಮಾಡಿ. ಫ್ರೀಜ್ ಮಾಡಿದ ಭ್ರೂಣವನ್ನು ಹೊರತೆಗೆದು ಸಾಮಾನ್ಯ ಉಷ್ಣತೆಗೆ ತರುವ ಮೊದಲು ಗೊತ್ತಾದರೆ ಭಾನುವಾರಕ್ಕೆ ಬದಲಿಸಬಹುದು.

ಅಮಾವಾಸ್ಯೆ, ರಾಹುಕಾಲ ನೋಡುವವರು ಪ್ರೊಜೆಸ್ಟರಾನ್ ಶುರುವಾಗುವ ಮೊದಲೇ ನೋಡಿಕೊಳ್ಳಿ. ಈಸ್ಟ್ರಾಡಿಯೋಲ್ ನಾಲ್ಕು ದಿನ ಹೆಚ್ಚಾದರೂ ನಡೆದೀತು. ಪ್ರೊಜೆಸ್ಟರಾನ್ ಒಂದು ದಿನವೂ ಕಾಯುವುದಿಲ್ಲ.

ಯೋನಿಯಲ್ಲಿಡುವ 400 ಮಿ.ಗ್ರಾಂ. ಡೋಸ್ ಬರೆದಿದ್ದರೆ 12 ಗಂಟೆಗೊಮ್ಮೆ, ಬೆರಳು ಹೋಗುವಷ್ಟು ಒಳಗೆ ಇಟ್ಟು ಅರ್ಧ ಗಂಟೆ ಮಲಗಿ. ಬಿಳಿ ಪುಡಿಯಂತೆ ಹೊರಬರುವುದು ಸಹಜ, ಇನ್ನೊಂದು ಇಡಬೇಡಿ. ಅದನ್ನೇ ನುಂಗಿದರೆ ಬಹುಪಾಲು ಯಕೃತ್ತಿನಲ್ಲೇ ಕರಗಿಹೋಗುತ್ತದೆ. ಟ್ರಾನ್ಸ್‌ಫರ್ ಹೊತ್ತಿಗೆ ರಕ್ತದ ಪ್ರೊಜೆಸ್ಟರಾನ್ ಮಟ್ಟ ಮಿ.ಲೀ.ಗೆ 10 ನ್ಯಾನೊಗ್ರಾಂಗಿಂತ ಕಡಿಮೆಯಿದ್ದರೆ ಇಂಜೆಕ್ಷನ್ ಸೇರಿಸಬೇಕೇ ಎಂದು ವೈದ್ಯರನ್ನು ಕೇಳಿ.

ಹೆಚ್ಚಿನ ಹಣ ಕೊಟ್ಟು, ಒಳಪದರ ಭ್ರೂಣಕ್ಕೆ ಯಾವಾಗ ಸಿದ್ಧವೆಂದು ಹೇಳುವ ಇಆರ್‌ಎ ಪರೀಕ್ಷೆ ಮಾಡಿಸಿ ದಿನ ನಿಗದಿ ಮಾಡುವ ಅಗತ್ಯವಿಲ್ಲ. 2022ರಲ್ಲಿ ಜಾಮಾ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ದೊಡ್ಡ ಪ್ರಯೋಗದಲ್ಲಿ ಅದರಿಂದ ಹೆರಿಗೆಗಳ ಪ್ರಮಾಣ ಹೆಚ್ಚಲಿಲ್ಲ.

ಟ್ರಾನ್ಸ್‌ಫರ್‌ಗೆ ಮೂತ್ರ ತುಂಬಿಕೊಂಡು ಹೋಗಿ. ಬಳಿಕ ಹಾಸಿಗೆ ಹಿಡಿದು ಮಲಗುವುದು ಬೇಡ.

ಗರ್ಭ ನಿಂತಿದೆಯೇ ಎಂದು ತಿಳಿಸುವ ರಕ್ತಪರೀಕ್ಷೆ ಬೀಟಾ ಎಚ್‌ಸಿಜಿ ಪಾಸಿಟಿವ್ ಬಂತೆಂದು ಪ್ರೊಜೆಸ್ಟರಾನ್ ನಿಲ್ಲಿಸುವುದು ದೊಡ್ಡ ಅಪಾಯ. ಈ ವಿಧಾನದಲ್ಲಿ ಅಂಡಾಶಯದಿಂದ ಆ ಹಾರ್ಮೋನ್ ಬರುವುದೇ ಇಲ್ಲ. 10–12 ವಾರದವರೆಗೆ ಔಷಧವೇ ಆಧಾರ. ರಕ್ತ ಕಂಡರೂ ವೈದ್ಯರು ಹೇಳುವ ತನಕ ಬಿಡಬೇಡಿ. ಇಂಥ ಗರ್ಭದಲ್ಲಿ ಪ್ರಿ-ಎಕ್ಲಾಂಪ್ಸಿಯಾ (ಗರ್ಭಿಣಿಯರಲ್ಲಿ ರಕ್ತದೊತ್ತಡ ಅಪಾಯಕಾರಿಯಾಗಿ ಏರುವ ತೊಂದರೆ) ತುಸು ಹೆಚ್ಚು ಕಾಣುವುದರಿಂದ ಬಿಪಿ ತಪಾಸಣೆ ತಪ್ಪಿಸಬಾರದು. ಮುಟ್ಟು ತಿಂಗಳು ತಿಂಗಳು ಸರಿಯಾಗಿ ಆಗುವವರು ಮಾತ್ರೆಯ ಬದಲು ನೈಸರ್ಗಿಕ ಚಕ್ರದಲ್ಲೇ ವರ್ಗಾವಣೆ ಮಾಡಲಾಗುತ್ತದೆಯೇ ಎಂದು ಮೊದಲ ಭೇಟಿಯಲ್ಲೇ ಕೇಳಿ.