ಪೀರಿಯಡ್‌ಗೆ ಸರಿಯಾಗಿ ಇಳಿತ ಬರಬೇಕು

ನಾಲ್ಕು ವರ್ಷದ ಹಿಂದೆ ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರು ಹೇಳಿದ್ದರು: "ಕಡಲ ಬದಿಯ ಮಕ್ಕಳಿಗೆ ಕಡಲು ತೋರಿಸ್ಲಿಕ್ಕೆ ಎಂತ ಉಂಟು ಟೀಚರೇ? ನೋಟ್ಸ್ ಕೊಡಿ, ಸಾಕು." ಮೊನ್ನೆ ಅವರೇ ಬಂದು, ತಮ್ಮ ಬಾಟನಿ ಮಕ್ಕಳನ್ನೂ ನಮ್ಮ ಜೊತೆ ಕಡಲ ದಂಡೆಗೆ ಕಳಿಸಬಹುದಾ ಅಂತ ಕೇಳಿದರು. ದಂಡೆಯಲ್ಲಿ ನಾವು ಪಾಠ ಮಾಡುವ ಕ್ರಮವನ್ನು ಬರೆದಿಡಬೇಕು ಅಂತ ಆವತ್ತೇ ಅನಿಸಿತು. ಪದವಿ ತರಗತಿಗೆ ಮರೈನ್ ಬಯಾಲಜಿ ಕಲಿಸುವವರು, ಅದರಲ್ಲೂ ಲ್ಯಾಬಿಗೆ ಅಂತ ದೊಡ್ಡ ಹಣ ಬಾರದ ಕಾಲೇಜುಗಳಲ್ಲಿ ಇರುವವರು ಓದಲಿ.

ನಾನು ಮಂಜೇಶ್ವರದ ಕಡೆಯವಳು. ಹತ್ತನೇ ತನಕ ಕನ್ನಡ ಮೀಡಿಯಂ. ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆ ನೆಟ್ ಪಾಸಾದ ಮೇಲೂ ಆರು ವರ್ಷ ಮೂರು ಕಾಲೇಜುಗಳಲ್ಲಿ ಗಂಟೆ ಲೆಕ್ಕದ ಪಾಠ ಮಾಡಿದೆ. ಏಪ್ರಿಲ್, ಮೇ ತಿಂಗಳಲ್ಲಿ ಕೈಗೆ ಏನೂ ಬರುತ್ತಿರಲಿಲ್ಲ. ಇದನ್ನು ಯಾಕೆ ಹೇಳಿದೆ ಅಂದರೆ, ಮುಂದೆ ಬರುವ ಹಣದ ಲೆಕ್ಕವೆಲ್ಲ ಆ ಸಂಬಳದಿಂದಲೇ ಹೋದದ್ದು.

ಮೊದಲು ಮಾಡಿದ್ದು ಅಕ್ವೇರಿಯಂ. ಜಾಡಿಯೊಳಗೆ ಫಾರ್ಮಲಿನ್‌ನಲ್ಲಿ ಬಿಳಚಿಕೊಂಡ ಮೀನು ತೋರಿಸಿ ಪಾಠ ಮಾಡುವುದು ನನಗೆ ಸಾಕಾಗಿತ್ತು. ನಾಲ್ಕು ಅಡಿಯ ಗಾಜಿನ ತೊಟ್ಟಿ, ಫಿಲ್ಟರ್, ಲೈಟು, ಸಮುದ್ರದ ಉಪ್ಪಿನ ಪ್ಯಾಕೆಟ್ ಎಲ್ಲ ಸೇರಿ 18,000 ರೂಪಾಯಿ ಹತ್ತಿರ ಆಯಿತು. ಬಂಡೆಯ ಹೊಂಡದಿಂದ ಹೂವಿನ ಹಾಗೆ ಕಾಣುವ ಪ್ರಾಣಿ ಅನಿಮೋನ್ ಎರಡು, ಕೆಲವು ಸನ್ಯಾಸಿ ಏಡಿ, ನಾಲ್ಕು ಸಣ್ಣ ಮೀನು ತಂದು ಶುಕ್ರವಾರ ಸಂಜೆ ಬಿಟ್ಟೆವು. ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದರೆ ನೀರು ಹಾಲಿನ ಹಾಗೆ. ವಾಸನೆ ಕಾರಿಡಾರ್ ತನಕ. ತೊಟ್ಟಿಯಲ್ಲಿ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಕೂರಲು ನಾಲ್ಕಾರು ವಾರ ಬೇಕು ಅಂತ ನನಗೆ ಗೊತ್ತಿತ್ತು. ಸೆಮಿಸ್ಟರ್ ಮುಗಿದು ಹೋಗುತ್ತದೆ ಅಂತ ಅವಸರ ಮಾಡಿದೆ. ವಾರದ ಕೊನೆಗೆ ಕರೆಂಟ್ ಬೇರೆ ಹೋಗಿತ್ತು. ಆ ತೊಟ್ಟಿಯನ್ನು ಆಮೇಲೆ ಗೋಲ್ಡ್‌ಫಿಶ್ ಮಾರುವವರಿಗೆ 2,500ಕ್ಕೆ ಕೊಟ್ಟೆ. ಸತ್ತ ಅನಿಮೋನ್ ಎರಡೂ ನಾವು ತರುವ ಮೊದಲು ಬಂಡೆಯ ಮೇಲೆ ಚೆನ್ನಾಗಿ ಬದುಕಿದ್ದವು. ಆ ಬೇಸರ ನನಗೆ ಇನ್ನೂ ಇದೆ.

ಎರಡನೆಯದು ಬಸ್ಸು. ಬೇಕಲ ಕೋಟೆಯ ಬುಡದ ಬಂಡೆಗಳನ್ನು ತೋರಿಸೋಣ ಅಂತ ಒಂದು ಗುರುವಾರ ನಾನೊಬ್ಬಳೇ ಹೋಗಿ ನೋಡಿ ಬಂದೆ. ಹನ್ನೊಂದು ಗಂಟೆಗೆ ಒಳ್ಳೆಯ ಇಳಿತ. ಬಂಡೆ ಮೇಲೆ ಅಂಟಿಕೊಂಡಿರುವ ಚಿಪ್ಪಿನ ಜೀವಿಗಳಾದ ಬಾರ್ನಕಲ್, ಲಿಂಪೆಟ್, ಜೊತೆಗೆ ಬಸವನಹುಳು, ಏನು ಬೇಕೋ ಎಲ್ಲ ಇತ್ತು. ಮುಂದಿನ ಗುರುವಾರ 42 ಮಕ್ಕಳನ್ನು ಕರೆದುಕೊಂಡು ಅದೇ ಹನ್ನೊಂದಕ್ಕೆ ಇಳಿದರೆ ಅಲೆ ಬಂಡೆ ದಾಟಿ ಮೇಲೆ ಬರುತ್ತಿದೆ. ಬಸ್ಸಿಗೆ ಕೊಟ್ಟದ್ದು 6,500. ಮಕ್ಕಳು ಕೋಟೆ ಸುತ್ತಿ, ಫೋಟೋ ತೆಗೆದು, ಐಸ್‌ಕ್ರೀಂ ತಿಂದು ವಾಪಸ್. ಮರುದಿನ ಮೇಲಿನವರು ಕರೆದು "ಇದು ಪಿಕ್‌ನಿಕ್ಕಾ?" ಅಂತ ಕೇಳಿದರು.

ಆ ರಾತ್ರಿ ಕುಳಿತು ಲೆಕ್ಕ ಹಾಕಿದ್ದೇ ನನ್ನ ಇಡೀ ಪದ್ಧತಿಯ ಬುಡ. ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ, ಇದು ನಮಗೆಲ್ಲ ಬಾಯಿಪಾಠ. ಆದರೆ ಟೈಮ್‌ಟೇಬಲ್ ವಾರದ ಲೆಕ್ಕದ್ದು. 50 ನಿಮಿಷವನ್ನು ಏಳರಿಂದ ಗುಣಿಸಿ ನೋಡಿ. ಹತ್ತಿರ ಹತ್ತಿರ ಆರು ಗಂಟೆ! ಇಳಿತದಿಂದ ಭರತಕ್ಕೆ ಬೇಕಾಗುವುದೂ ಸುಮಾರು ಅಷ್ಟೇ ಹೊತ್ತು. ಅಂದರೆ ಈ ಗುರುವಾರ ನಿಮ್ಮ ಪೀರಿಯಡ್‌ನಲ್ಲಿ ಇಳಿತ ಇದ್ದರೆ ಮುಂದಿನ ಗುರುವಾರ ಅದೇ ಹೊತ್ತಿಗೆ ಹೆಚ್ಚುಕಮ್ಮಿ ಭರತ ಇರುತ್ತದೆ. ಅದರಾಚೆಯ ಗುರುವಾರ ಮತ್ತೆ ಇಳಿತ, ಅದೂ ಮುಕ್ಕಾಲು ಗಂಟೆಯಷ್ಟು ಬೇಗ. ಹಾಗಾಗಿ ಒಂದು ಗುರುವಾರ ದಂಡೆ, ಒಂದು ಗುರುವಾರ ಲ್ಯಾಬ್. ದಂಡೆಯಿಂದ ತಂದದ್ದನ್ನು ನೋಡಲು, ಎಣಿಸಲು, ಚಿತ್ರ ಬರೆಯಲು ಆ ಭರತದ ವಾರ. ಹೊಸಮಂಗಳೂರು ಬಂದರಿನ ಭರತ ಇಳಿತದ ವೇಳಾಪಟ್ಟಿ ಕಾಸರಗೋಡಿಗೆ ಸಾಕಷ್ಟು ಸರಿ ಹೊಂದುತ್ತದೆ. ಸೆಮಿಸ್ಟರ್ ಶುರುವಾಗುವ ಮೊದಲೇ ಎಂಟು ದಿನಗಳಿಗೆ ಗುರುತು ಹಾಕಿ, ವಿಭಾಗದ ಮುಖ್ಯಸ್ಥರ ಸಹಿ ಮಾಡಿಸಿ ಇಡುತ್ತೇನೆ. ಹಗಲು ಹೊತ್ತಿಗೆ ಸಿಗುವ ಇಳಿತ ಯಾವಾಗಲೂ ದೊಡ್ಡದಿರುವುದಿಲ್ಲ. ಮರಳಿನ ಕೆಲಸಕ್ಕೆ ಅಷ್ಟು ಸಾಕು.

ಬಂಡೆಯನ್ನು ಬಿಟ್ಟೆ, ಮರಳಿಗೆ ಬಂದೆ. ಬಂಡೆ ನೋಡಲು ಚಂದ, ಆದರೆ ಪಾಚಿ ಮೇಲೆ ಜಾರಿ ಒಬ್ಬ ಬಿದ್ದರೆ ನಾಳೆಯಿಂದ ಎಲ್ಲ ಬಂದ್. ಕುಂಬಳೆಯ ಆಚೆಗೆ ಒಂದು ದಂಡೆ ಇದೆ, ಕಾಲೇಜಿನಿಂದ ಲೈನ್ ಬಸ್ಸಿಗೆ 15 ರೂಪಾಯಿ. ಜಾಗದ ಹೆಸರು ಮಾತ್ರ ಹೇಳುವುದಿಲ್ಲ. ನಾಲ್ಕು ವರ್ಷದಿಂದ ಒಂದೇ ಹತ್ತು ಮೀಟರ್ ಪಟ್ಟಿಯನ್ನು ಅಗೆದು ಎಣಿಸುತ್ತಿದ್ದೇವೆ, ಬೇರೆಯವರು ಬಂದು ಅಗೆದರೆ ನಮ್ಮ ಲೆಕ್ಕ ಕೆಡುತ್ತದೆ.

ಸಾಮಾನು ಇಷ್ಟೇ: ಪ್ಲಂಬಿಂಗ್ ಅಂಗಡಿಯಲ್ಲಿ ಉಳಿದ ಆರಿಂಚಿನ ಪಿವಿಸಿ ಪೈಪ್, ಒಂದಡಿಗೆ ಕತ್ತರಿಸಿದ್ದು, ತುಂಡಿಗೆ 40 ರೂಪಾಯಿ. ಸೊಳ್ಳೆ ಪರದೆಯ ಬಟ್ಟೆಯಲ್ಲಿ ಹೊಲಿಸಿದ ಚೀಲ. ಹಳೇ ಐಸ್‌ಕ್ರೀಂ ಡಬ್ಬಿ. ಪೈಪನ್ನು ಮರಳಿಗೆ ಒತ್ತಿ, ಬಾಯಿಗೆ ಅಂಗೈ ಅಡ್ಡ ಹಿಡಿದು ಎತ್ತಿ, ಚೀಲಕ್ಕೆ ಸುರಿದು ಅಲೆಯಲ್ಲಿ ಜಾಲಿಸುವುದು. ಮರಳು ಹೋದ ಮೇಲೆ ಚೀಲದಲ್ಲಿ ಉಳಿದದ್ದು ಬೆರಳ ತುದಿಯಷ್ಟು ಉದ್ದದ ಎಮೆರಿಟಾ ಏಡಿಗಳು, ಎರಡು ಚಿಪ್ಪಿನ ಸಣ್ಣ ಡೊನಾಕ್ಸ್ ಮರುವಾಯಿ, ಹುಳುಗಳು. ಎಮೆರಿಟಾವನ್ನು ಒದ್ದೆ ಮರಳಿನ ಮೇಲೆ ಬಿಟ್ಟರೆ ಹಿಂದಕ್ಕೆ ಹಿಂದಕ್ಕೆ ಸರಿದು ಎರಡೇ ಸೆಕೆಂಡಿಗೆ ಮಾಯ. ಅಲೆ ವಾಪಸ್ ಹೋಗುವಾಗ ಬಗ್ಗಿ ನೋಡಿದರೆ ಅವುಗಳ ಗರಿಯಂಥ ಮೀಸೆ ನೀರನ್ನು ಸೋಸುವುದು ಕಾಣುತ್ತದೆ. ಹೊಟ್ಟೆಯ ಕೆಳಗಿನ ಮಡಿಕೆಯಲ್ಲಿ ಕಿತ್ತಳೆ ಬಣ್ಣದ ಮೊಟ್ಟೆ ಇದ್ದರೆ ಹೆಣ್ಣು. ಇಷ್ಟು ನೋಡಿದ ಮೇಲೆ ಫಿಲ್ಟರ್ ಫೀಡರ್, ಅಂದರೆ ನೀರು ಸೋಸಿ ತಿನ್ನುವ ಜೀವಿ, ಅನ್ನುವ ಮಾತನ್ನು ಬೋರ್ಡಿನ ಮೇಲೆ ವಿವರಿಸುವ ಕೆಲಸವೇ ಇಲ್ಲ.

ಮೊದಲ ವರ್ಷ ಎಣಿಕೆಯೂ ಕೆಟ್ಟಿತ್ತು. ಒಬ್ಬೊಬ್ಬರು ಒಂದೊಂದು ಆಳಕ್ಕೆ ಒತ್ತುತ್ತಿದ್ದರು. ಈಗ ಪೈಪಿನ ಹೊರಗೆ ಪೇಂಟಿನಿಂದ ಗೆರೆ ಎಳೆದಿದ್ದೇನೆ. ಪೈಪು ಒತ್ತುವ ಜಾಗವನ್ನು ನೀರಿನ ಅಂಚಿನಿಂದ ಅಳೆಯುವುದಾ, ಮೇಲಿನ ಒಣ ಗೆರೆಯಿಂದ ಅಳೆಯುವುದಾ ಅನ್ನುವುದಕ್ಕೆ ನನ್ನದೇ ಒಂದು ಉಪಾಯ ಇದೆ. ಅದು ನಮ್ಮ ಮಕ್ಕಳ ಪ್ರಾಜೆಕ್ಟಿನಲ್ಲಿ ಬರುತ್ತದೆ, ಈಗ ಬೇಡ.

ನೀರಿನಲ್ಲಿ ತೇಲುವ ಸಣ್ಣ ಸಣ್ಣ ಜೀವಿಗಳು, ಅಂದರೆ ಪ್ಲಾಂಕ್ಟನ್, ಹಿಡಿಯಲು ಬಹಳ ಪಾಡುಪಟ್ಟೆ. ಬಲೆಯ ಬೆಲೆ ಕೇಳಿಯೇ ಸುಮ್ಮನಾದೆ. ನೈಲಾನ್ ಸೀರೆಯಲ್ಲಿ ಹೊಲಿಸಿದೆ, ನೀರೇ ದಾಟಲಿಲ್ಲ. ಮದುವೆ ಕಾಗದ ಅಚ್ಚು ಹಾಕುವವರ ಹತ್ತಿರ ಸ್ಕ್ರೀನ್ ಪ್ರಿಂಟಿಂಗ್ ಬಟ್ಟೆ ಸಿಗುತ್ತದೆ, ಅದು ನಿಜವಾಗಿ ಆಗುತ್ತದೆ. ಒಂದು ಮೀಟರ್‌ಗೆ 350 ಕೊಟ್ಟ ನೆನಪು. ಆದರೆ ಅದಕ್ಕಿಂತ ಒಳ್ಳೆಯ ಬಲೆ ಮೀನಿನ ಬುಟ್ಟಿಯಲ್ಲೇ ಇತ್ತು: ಬೂತಾಯಿ ಮೀನು. ತಾಜಾ ಬೂತಾಯಿಯ ಹೊಟ್ಟೆ ಸೀಳಿ, ಜಠರದಲ್ಲಿ ಇರುವುದನ್ನು ಒಂದು ಹನಿ ನೀರಿನಲ್ಲಿ ಕಲಸಿ ಸ್ಲೈಡಿಗೆ ಹಾಕಿ. ಗಾಜಿನ ಡಬ್ಬಿಗಳ ಹಾಗೆ ಡಯಾಟಮ್ ಅನ್ನುವ ಸೂಕ್ಷ್ಮ ಪಾಚಿಗಳು ಸಾಲಾಗಿ ಕಾಣುತ್ತವೆ. ನಮಗಾಗಿ ಮೀನೇ ಸೋಸಿ ಇಟ್ಟಿರುತ್ತದೆ. 100 ರೂಪಾಯಿಯ ಮೀನಿನಲ್ಲಿ ಇಡೀ ತರಗತಿಗೆ ಆಯಿತು. ಬೆಳಿಗ್ಗೆ ಏಳಕ್ಕೆ ಮೊದಲು ಬಂದ ದೋಣಿಯ ಮೀನೇ ಆಗಬೇಕು. ಹಿಂದಿನ ದಿನದ ಐಸಿನ ಮೀನಾದರೆ ಒಳಗೆಲ್ಲ ಕರಗಿ ಗಂಜಿ.

ಅದೇ ಮೀನನ್ನು ಸೀಳುವ ಮೊದಲು ಅಳೆಸುತ್ತೇನೆ. ಕೇರಳದಲ್ಲಿ ಬೂತಾಯಿ 10 ಸೆಂಟಿಮೀಟರ್‌ಗಿಂತ, ಬಂಗುಡೆ 14 ಸೆಂಟಿಮೀಟರ್‌ಗಿಂತ ಸಣ್ಣದಿದ್ದರೆ ಹಿಡಿಯುವಂತಿಲ್ಲ. ಮಕ್ಕಳು ಸ್ಕೇಲ್ ಹಿಡಿದು ಕೂತದ್ದು ನೋಡಿ ಮೀನು ಮಾರುವ ಅಕ್ಕ ಮೊದಲು ಸಿಟ್ಟು ಮಾಡಿದರು, ಇಲಾಖೆಯವರು ಅಂತ ತಿಳಿದು. ಈಗ "ಟೀಚರೇ, ಇವತ್ತು ಮೊಟ್ಟೆಯ ಬಂಗುಡೆ ಉಂಟು, ಮಕ್ಕಳಿಗೆ ಬೇಕಾ?" ಅಂತ ಅವರೇ ಫೋನ್ ಮಾಡುತ್ತಾರೆ.

ಹೆಸರಿನ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮ ತರಗತಿಯಲ್ಲಿ ಕನ್ನಡ, ತುಳು, ಮಲಯಾಳಂ, ಬ್ಯಾರಿ ಎಲ್ಲ ಉಂಟು. ಒಬ್ಬಳು ಬೂತಾಯಿ ಅಂದರೆ ಇನ್ನೊಬ್ಬ ಮತ್ತಿ ಅನ್ನುತ್ತಾನೆ. ಬಂಗುಡೆ ಇನ್ನೊಬ್ಬರಿಗೆ ಅಯಲ. ಪರೀಕ್ಷೆಯಲ್ಲಿ ಮಾತ್ರ ಸಾರ್ಡಿನೆಲ್ಲಾ ಲಾಂಜಿಸೆಪ್ಸ್, ರಾಸ್ಟ್ರೆಲಿಜರ್ ಕನಗುರ್ಟ. ನಾನು ಒಂದು ದೊಡ್ಡ ಪುಸ್ತಕ ಇಟ್ಟೆ, ಒಂದು ಮೀನಿಗೆ ಒಂದು ಪುಟ, ಮನೆಯ ಹೆಸರು ಮೊದಲು, ಲ್ಯಾಟಿನ್ ಕೊನೆಗೆ. ಕನಗುರ್ಟ ಕೂಡ ಊರಿನ ಹೆಸರೇ, ತೆಲುಗಿನದ್ದು. ವಿಶಾಖಪಟ್ಟಣದ ಕಡಲಬದಿಯಲ್ಲಿ ಸ್ಕಾಟ್ಲೆಂಡಿನ ವೈದ್ಯ ಪ್ಯಾಟ್ರಿಕ್ ರಸೆಲ್ ಕೇಳಿ ಬರೆದುಕೊಂಡದ್ದನ್ನು ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಕ್ಯುವಿಯೆ 1816ರಲ್ಲಿ ಶಾಸ್ತ್ರಕ್ಕೆ ಸೇರಿಸಿದ. ಇದನ್ನು ಹೇಳಿದ ದಿನ ಹಿಂದಿನ ಬೆಂಚಿನ ಒಬ್ಬ ಹುಡುಗ ಮೊದಲ ಸಲ ಬಾಯಿ ಬಿಟ್ಟ. ಅವನ ತಂದೆ ದೋಣಿಗೆ ಹೋಗುವವರು. ಅದನ್ನು ತರಗತಿಯಲ್ಲಿ ಅವನು ಯಾರಿಗೂ ಹೇಳಿರಲಿಲ್ಲ. ಆ ಪುಸ್ತಕದಲ್ಲಿ ಈಗ 60 ಚಿಲ್ಲರೆ ಮೀನು ಇದೆ. ಅರ್ಧದಷ್ಟು ಅವನು ತಂದದ್ದು.

ಇನ್ನೊಂದು ಪಚ್ಚಿಲೆಯ ಪಾಠ, ಬಂಡೆಗೆ ಅಂಟಿ ಬೆಳೆಯುವ ಎರಡು ಚಿಪ್ಪಿನ ಜೀವಿಯದ್ದು. ಬಿಸಸ್ ಅನ್ನುವ ಶಬ್ದವನ್ನು ಮೂರು ವರ್ಷ ಚಿತ್ರ ಬರೆದು ಹೇಳಿದೆ, ಯಾರ ತಲೆಗೂ ಹೋಗಲಿಲ್ಲ. ಆಮೇಲೆ ಒಂದು ದಿನ ಪಡನ್ನದಿಂದ ಹಗ್ಗದಲ್ಲಿ ಬೆಳೆಸಿದ ಪಚ್ಚಿಲೆ ಎರಡು ಕಿಲೋ ತರಿಸಿ ಟೇಬಲ್ ಮೇಲೆ ಸುರಿದೆ. ಒಬ್ಬ ಹುಡುಗಿ ಎತ್ತಿಕೊಂಡು, ಎರಡು ಚಿಪ್ಪಿನ ನಡುವೆ ಇಣುಕುವ ಕಂದು ನಾರನ್ನು ಹೆಬ್ಬೆರಳಲ್ಲಿ ಹಿಡಿದು ಸರಕ್ಕನೆ ಎಳೆದಳು. "ಅಮ್ಮ ಸುಕ್ಕ ಮಾಡುವ ಮೊದಲು ತೆಗಿತಾರಲ್ಲ ಮಿಸ್, ಗಡ್ಡ!" ಅದೇ ಬಿಸಸ್. ಆ ನಾರಿನಿಂದಲೇ ಅದು ಬಂಡೆಗೆ ಅಂಟುವುದು. ಪಡನ್ನದ ಹೆಂಗಸರು ಮರಿಗಳನ್ನು ಹಗ್ಗಕ್ಕೆ ಬಟ್ಟೆಯಲ್ಲಿ ಸುತ್ತಿ ನೀರಿಗೆ ಇಳಿಸುತ್ತಾರೆ. ಬಟ್ಟೆ ಕೊಳೆಯುವ ಹೊತ್ತಿಗೆ ಗಡ್ಡ ಹಗ್ಗಕ್ಕೆ ಹಿಡಿದಿರುತ್ತದೆ. ನವೆಂಬರ್, ಡಿಸೆಂಬರ್‌ಗೆ ಕಟ್ಟಿದರೆ ಮಳೆಗೆ ಮೊದಲು ಕೊಯ್ಲು. ಉಳಿದ ಪಚ್ಚಿಲೆಯಲ್ಲಿ ಹತ್ತನ್ನು ಒಂದು ಜಾಡಿ ಕೆಸರು ನೀರಿಗೆ ಹಾಕಿ, ಪಕ್ಕದಲ್ಲಿ ಬರೀ ಕೆಸರು ನೀರಿನ ಜಾಡಿ ಇಟ್ಟೆ. ಎರಡನೇ ಪೀರಿಯಡ್ ಮುಗಿಯುವಾಗ ಪಚ್ಚಿಲೆ ಇದ್ದ ಜಾಡಿಯ ಹಿಂದೆ ಇಟ್ಟ ಪೇಪರ್ ಓದಲು ಬರುತ್ತಿತ್ತು. ಇನ್ನೊಂದರಲ್ಲಿ ಇಲ್ಲ. ಅಕ್ವೇರಿಯಂಗೆ 18,000 ಸುರಿದವಳಿಗೆ ಈ ಪಾಠ 400 ರೂಪಾಯಿಗೆ ಸಿಕ್ಕಿತು.

ನದೀಬಾಯಿಯ ಉಪ್ಪಿನ ಅಳತೆ ಇನ್ನೂ ಪೂರ್ತಿ ಕೈಗೆ ಬಂದಿಲ್ಲ. 1,800 ಕೊಟ್ಟು ರಿಫ್ರ್ಯಾಕ್ಟೋಮೀಟರ್ ತೆಗೆದುಕೊಂಡೆ. ಮೊದಲ ತಿಂಗಳು ಸೊನ್ನೆಗೆ ಕೂರಿಸಿದ್ದು ಡಿಸ್ಟಿಲ್ಡ್ ವಾಟರ್‌ನಲ್ಲಿ ಅಲ್ಲ, ಮಕ್ಕಳು ತುಂಬಿಸಿ ತಂದ ಬಾವಿ ನೀರಿನಲ್ಲಿ. ಆ ತಿಂಗಳ ಅಂಕಿಯನ್ನೆಲ್ಲ ಹೊಡೆದು ಹಾಕಬೇಕಾಯಿತು. ಅಡಿಯ ನೀರು ತೆಗೆಯಲು ಬಾಟಲಿಗೆ ಕಲ್ಲು ಕಟ್ಟಿ, ಬಿರಡೆಗೆ ಬೇರೆ ದಾರ ಕಟ್ಟಿ ಇಳಿಸುತ್ತೇವೆ. ಮೂರರಲ್ಲಿ ಒಂದು ಸಲ ಬಿರಡೆ ಬರುವುದೇ ಇಲ್ಲ. ಆದರೂ ಒಂದು ಅಕ್ಟೋಬರ್‌ನಲ್ಲಿ ಚಂದ್ರಗಿರಿ ಹೊಳೆಯಲ್ಲಿ ಮೇಲಿನ ನೀರಿನ ಉಪ್ಪು ಸಾವಿರ ಪಾಲಿಗೆ 7 ಅಥವಾ 8, ಅಡಿಯದ್ದು 26ರ ಹತ್ತಿರ ತೋರಿಸಿತು. ಒಂದೇ ದೋಣಿಯ ಕೆಳಗೆ ಎರಡು ನೀರು. ಮಾರ್ಚಿನಲ್ಲಿ ಹೋದರೆ ಮೇಲೆ ಕೆಳಗೆ ಎರಡೂ 30 ದಾಟಿತ್ತು.

ಸುರಕ್ಷೆಗೆ ನನ್ನ ಕಟ್ಟುನಿಟ್ಟು ಇಷ್ಟು: ಮೊಣಕಾಲಿಗಿಂತ ಮೇಲೆ ನೀರಿಲ್ಲ, ಜೂನ್‌ನಿಂದ ಸೆಪ್ಟೆಂಬರ್ ದಂಡೆಯಿಲ್ಲ. ಏಪ್ರಿಲ್, ಮೇಯಲ್ಲಿ ಕಳ್ಳಕ್ಕಡಲ್ ಎಚ್ಚರಿಕೆ ಬಂದರೆ ಆ ಗುರುವಾರ ರದ್ದು. ಗಾಳಿಯಿಲ್ಲ, ಮಳೆಯಿಲ್ಲ, ದೂರದ ದಕ್ಷಿಣ ಕಡಲಿನಿಂದ ಬಂದ ಅಲೆ ಸುಮ್ನೆ ಏರಿ ಬರುತ್ತದೆ. ಅದನ್ನೂ ಪಾಠವಾಗಿ ಹೇಳಬಹುದು, ತರಗತಿಯೊಳಗೆ ಕೂತು.

ಪ್ರಾಕ್ಟಿಕಲ್ ಪರೀಕ್ಷೆಗೆ ಹೊರಗಿನಿಂದ ಬಂದವರು ರೆಕಾರ್ಡ್ ತಿರುವಿ ಹಾಕಿ, "ಈ ಅಂಕಿಗಳು ಎಲ್ಲಿಂದ ಕಾಪಿ ಮಾಡಿದ್ದು?" ಅಂತ ಕೇಳಿದರು. ನನ್ನ ಎದೆ ಹೊಡೆದುಕೊಂಡಿತು. ಒಬ್ಬಳು ಎದ್ದು, ಯಾವ ಗುರುವಾರ, ಎಷ್ಟು ಗಂಟೆ, ಎಷ್ಟನೇ ಪೈಪು, ಆ ದಿನ ಯಾಕೆ ಎಣಿಕೆ ಕಡಿಮೆ ಬಂತು ಅಂತ ಹೇಳುತ್ತಾ ಹೋದಳು. ಅವರು ಐದು ನಿಮಿಷ ಕೇಳಿದರು, ಆಮೇಲೆ ಪೈಪು ತೋರಿಸಿ ಅಂದರು. ಮೊದಲು ಈ ಪೇಪರ್‌ನಲ್ಲಿ ಎಂಟೋ ಒಂಬತ್ತೋ ಮಂದಿ ಫೇಲಾಗುತ್ತಿದ್ದರು. ಕಳೆದ ಸಲ ಇಬ್ಬರು. ಮೂವರು ಎಂಎಸ್ಸಿಗೆ ಇದೇ ವಿಷಯ ತೆಗೆದುಕೊಂಡು ಹೋಗಿದ್ದಾರೆ. ನನಗೆ ಹೆಮ್ಮೆ ಇದೆ, ಮುಚ್ಚಿಡುವುದಿಲ್ಲ.

ವರ್ಷಕ್ಕೆ ಈಗ ಎಲ್ಲ ಸೇರಿ 4,000ದ ಆಸುಪಾಸು ಆಗುತ್ತದೆ, ಮೀನಿನದ್ದೇ ಜಾಸ್ತಿ. ಅರ್ಧವನ್ನು ಡಿಪಾರ್ಟ್‌ಮೆಂಟ್ ಕೊಡಲು ಶುರು ಮಾಡಿದೆ. ಈ ಸಲದ ಮೊದಲ ಗುರುವಾರ ಇಳಿತ ಹತ್ತೂವರೆಗೆ. ಬಾಟನಿಯವರು ಸೇರಿ 50 ಮಂದಿ ಆಗುತ್ತಾರೆ. ಪೈಪು ಐದು ಹೊಸದು ಕತ್ತರಿಸಿ, ಗೆರೆ ಎಳೆದು, ಒಣಗಲು ಇಟ್ಟಿದ್ದೇನೆ.