ನಡುಗಡ್ಡೆಯಲ್ಲಿ ಜಿಯೋಕ್ಯಾಶ್ ಇಡುವವರಿಗೆ

ಆನೆಗೊಂದಿ ಹತ್ತಿರ ತುಂಗಭದ್ರೆಯ ನಡುಗಡ್ಡೆಯಲ್ಲಿ ಜಿಯೋಕ್ಯಾಶ್ (ಬೇರೆಯವರು ಜಿಪಿಎಸ್ ಹಿಡಿದು ಹುಡುಕಲೆಂದು ಬಚ್ಚಿಡುವ ಡಬ್ಬಿ) ಇಡಬೇಕಾ? ಮೊದಲು ನದಿ ನೋಡಿ. ಡ್ಯಾಮಿನಿಂದ ನೀರು ಜಾಸ್ತಿ ಬಿಟ್ಟರೆ ಅಲ್ಲಿನ ನವಬೃಂದಾವನ ಗಡ್ಡೆಯೇ ಮುಳುಗುತ್ತದೆ, ಬೋಟೂ ನಿಲ್ಲುತ್ತದೆ. ಬಂಡೆಗಳ ಮೇಲೆ ಹಳೇ ಪ್ರವಾಹದ ಗೆರೆ ಕಾಣುತ್ತದಲ್ವಾ, ಡಬ್ಬಿ ಅದಕ್ಕಿಂತ ಮೇಲಿರಲಿ.

ನವಬೃಂದಾವನದಲ್ಲಿ ಮಾತ್ರ ಬೇಡ. ಒಂಬತ್ತು ಯತಿಗಳ ಬೃಂದಾವನ ಇರುವ ಜಾಗ ಅದು. ಜನ ಪ್ರದಕ್ಷಿಣೆ ಹಾಕುವಾಗ ಪಕ್ಕದಲ್ಲಿ ಕಲ್ಲುಸಂದಿ ತಡಕುವುದು ನನಗೆ ಸರಿ ಕಾಣುವುದಿಲ್ಲ. ಬೇರೆ ಜಾಗವಾದರೂ ಒಪ್ಪಿಗೆ ಕೇಳಿಯೇ ಇಡಿ.

ಮುಚ್ಚಳಕ್ಕೆ ರಬ್ಬರ್ ವಾಷರ್ ಇರಬೇಕು. ಒಳಗೆ ಜಿಪ್ ಕವರಿನಲ್ಲಿ ಲಾಗ್ ಪುಸ್ತಕ (ಹುಡುಕಿದವರು ಹೆಸರು ಬರೆಯಲಿಕ್ಕೆ), ಪೆನ್ಸಿಲ್. ಪೆನ್ನಿನ ಶಾಯಿ ತೇವಕ್ಕೆ ಹರಡುತ್ತದೆ. ತಿಂಡಿ ಬೇಡ, ಕೋತಿಗಳು ಬಿಡುವುದಿಲ್ಲ. ಒಪ್ಪಿಗೆಯಿಲ್ಲದೆ ನೆಲ ಅಗೆಯುವುದು ಈ ಆಟದ ನಿಯಮಕ್ಕೇ ವಿರುದ್ಧ.

ದೊಡ್ಡ ಬಂಡೆಗಳ ನಡುವೆ ಜಿಪಿಎಸ್ ತಪ್ಪು ತೋರಿಸುತ್ತದೆ. ಡಬ್ಬಿ ಇಟ್ಟ ಜಾಗದ ಅಕ್ಷಾಂಶ ರೇಖಾಂಶವನ್ನು ಬಿಟ್ಟು ಬಿಟ್ಟು ಮೂರ್ನಾಲ್ಕು ಸಲ ಅಳೆದು ಸರಾಸರಿ ತೆಗೆಯಿರಿ. ಕೊನೆ ಬೋಟ್ ಎಷ್ಟೊತ್ತಿಗೆ ಅಂತ ಇಳಿಯುವಾಗಲೇ ಕೇಳಿಕೊಳ್ಳಿ.